ಕಾದೆ ಎಂದರೆ ಬೀಳುತ್ತಾನೆ, ಕದ್ದೆ ಎಂದರೆ ಬಿದ್ದ!

ಪಾದರಸದ ವಾಯುಭಾರಮಾಪಕವನ್ನು ಕಂಡುಹಿಡಿದವರು ಯಾರು? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ: ಟಾರಿಸೆಲ್ಲಿ. ವರ್ಷ 1643. ಅಂಕ ಪೂರ್ತಿ. ಆದರೆ ಆ ಮಹಾನುಭಾವ ಎದುರಿಗೆ ಬಂದು ನಿಂತರೆ ಈ ಹೆಸರಿಗೆ ತಿರುಗಿ ನೋಡುವುದು ಅನುಮಾನ. ಅವರ ಊರಿನ ಬಾಯಲ್ಲಿ ಅದು ತೊರ್ರಿಚೆಲ್ಲಿ. ತಕಾರ ನಮ್ಮ ‘ತಾಯಿ’ಯ ತಕಾರ, ರಕಾರಕ್ಕೆ ರಕಾರದ್ದೇ ಒತ್ತು, ಸಕಾರವಿರಬೇಕಾದ ಕಡೆ ಚಕಾರ. ಅವಗಾಡ್ರೊ ಸಂಖ್ಯೆಯ ಒಡೆಯ ಅವೊಗಾದ್ರೊ. ವೋಲ್ಟೇಜಿನ ಮೂಲಪುರುಷ ವೊಲ್ತ. ಇವರೆಲ್ಲ ನಮ್ಮ ಪಠ್ಯಪುಸ್ತಕಕ್ಕೆ ನೇರವಾಗಿ ಇಟಲಿಯಿಂದ ಬಂದವರಲ್ಲ. ಇಂಗ್ಲೆಂಡಿನಲ್ಲಿ ಇಳಿದು, ಅಲ್ಲಿಯ ಕೋಟು ತೊಟ್ಟು ಬಂದವರು. ತಕಾರ ಟಕಾರವಾದದ್ದು ಅಲ್ಲಿ.

ಸ್ವಾರಸ್ಯವೇನೆಂದರೆ, ನೇರವಾಗಿ ಬಂದಿದ್ದರೆ ಕನ್ನಡದ ಬಾಯಿಗೆ ಅವರ ಹೆಸರು ಇನ್ನೂ ಸುಲಭವಾಗುತ್ತಿತ್ತು. ಇಟಾಲಿಯನ್ ಭಾಷೆಯ ಶಬ್ದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ನಾವೂ ಹಾಗೆಯೇ. ಬಸ್ ಎಂದರೆ ನಮಗೆ ಸಮಾಧಾನವಿಲ್ಲ, ಬಸ್ಸು ಎನ್ನಬೇಕು. ನಮ್ಮ ನೆರೆಯ ತೆಲುಗನ್ನು ‘ಪೂರ್ವದ ಇಟಾಲಿಯನ್’ ಎಂದು ಹೊಗಳುವುದು ಇದೇ ಗುಣಕ್ಕಾಗಿ. ಇಂದಿನ ಕನ್ನಡಕ್ಕೂ ಆ ಹೊಗಳಿಕೆಯಲ್ಲಿ ಅರ್ಧ ಪಾಲು ಸಿಗಬೇಕೆಂದು ನನ್ನ ವಾದ!

ನಾನು ವಿಜ್ಞಾನದ ಮೇಷ್ಟ್ರು, ಭಾಷೆಯ ಪಂಡಿತನಲ್ಲ. ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಕಾರಣ ನನ್ನ ತಮ್ಮನ ಮಗಳು. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಮುಂದಿನ ಓದಿಗೆ ಇಟಲಿಯ ತೊರೀನೊ ನಗರಕ್ಕೆ ಹೊರಟಳು. ಆ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಆ ಚಿಂತೆಯಿಲ್ಲ. ಆದರೆ ಬಾಡಿಗೆ ಮನೆ, ತರಕಾರಿ, ಔಷಧಿ, ಬಸ್ಸು ಇವೆಲ್ಲ ಇಟಾಲಿಯನ್ನಿನಲ್ಲೇ ಆಗಬೇಕು. ಅವಳ ಅಮ್ಮನ ಆತಂಕ ಮಾತ್ರ ಬೇರೆ: “ಇಂಗ್ಲಿಷ್ ಉಚ್ಚಾರಣೆಗೇ ಇಲ್ಲಿ ನಗ್ತಾರೆ ಭಾವ, ಇನ್ನು ಆ ಭಾಷೇಲಿ ಇವಳು ಬಾಯಿ ಬಿಟ್ಟರೆ ಏನು ಗತಿ?” ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಕನ್ನಡ ಮಾಧ್ಯಮದ ಮಕ್ಕಳ ನಾಲಿಗೆಯೇ ದಪ್ಪ ಎಂಬ ನಂಬಿಕೆ ಮಕ್ಕಳಿಗಿಂತ ಮೊದಲು ತಂದೆತಾಯಿಗಳ ತಲೆಯಲ್ಲಿ ಕೂತಿರುತ್ತದೆ. ಹುಡುಗಿಯ ಜೊತೆ ಕೂತು ಆರು ತಿಂಗಳು ಆ ವ್ಯಾಕರಣವನ್ನು ಬಿಡಿಸಿದ ಮೇಲೆ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲೂ ಕ್ರಿಯಾಪದಗಳನ್ನು ಮಾತ್ರ ಹಿಡಿದುಕೊಂಡಿದ್ದೇನೆ. ನಾಮಪದ ನಿಂತ ನೀರು, ಕ್ರಿಯಾಪದ ಹರಿಯುವ ನೀರು. ಭಾಷೆಯ ಪರೀಕ್ಷೆ ಆಗುವುದು ಅಲ್ಲೇ.

ಆರು ಮುಖದ ಕ್ರಿಯಾಪದ

ಮಾತಾಡು ಎಂಬ ಅರ್ಥದ ಧಾತುವನ್ನು ತೆಗೆದುಕೊಳ್ಳಿ. ಅದರ ಮೂಲರೂಪ ಪರ್ಲಾರೆ. ಇಟಾಲಿಯನ್ ಕ್ರಿಯಾಪದಗಳ ಮೂಲರೂಪ ‘ಆರೆ’, ‘ಎರೆ’, ‘ಈರೆ’ ಎಂಬ ಮೂರು ಬಾಲಗಳಲ್ಲಿ ಒಂದರಿಂದ ಮುಗಿಯುತ್ತದೆ. ಬಾಲ ಕತ್ತರಿಸಿ ಬೇರೆ ಪ್ರತ್ಯಯ ಹಚ್ಚಿದರೆ ಪುರುಷ, ವಚನ ಗೊತ್ತಾಗುತ್ತವೆ. ಮಾತಾಡುತ್ತೇನೆ: ಪರ್ಲೊ. ಮಾತಾಡುತ್ತೀಯೆ: ಪರ್ಲಿ. ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ: ಪರ್ಲ. ಮಾತಾಡುತ್ತೇವೆ: ಪರ್ಲ್ಯಾಮೊ. ಮಾತಾಡುತ್ತೀರಿ: ಪರ್ಲಾತೆ. ಮಾತಾಡುತ್ತಾರೆ: ಪರ್ಲನೊ.

‘ನಾನು’ ಎಂದು ಹೇಳದೆಯೇ ‘ಬರುತ್ತೇನೆ’ ಎಂದರೆ ಬರುವವನು ನಾನೇ ಎಂದು ಕನ್ನಡಿಗನಿಗೆ ತಿಳಿಯುತ್ತದೆ. ಇಟಲಿಯವರಿಗೂ ಅಷ್ಟೇ. ಸರ್ವನಾಮ ಬೇಕಿಲ್ಲ, ಬಾಲವೇ ಎಲ್ಲವನ್ನೂ ಹೇಳುತ್ತದೆ. ಹಾಗಾಗಿಯೇ ಬಾಲದ ಸ್ವರವನ್ನು ನುಂಗುವಂತಿಲ್ಲ. ಇಂಗ್ಲಿಷ್ ಮಾತಾಡುವವರು ಭಾರವಿಲ್ಲದ ಸ್ವರಗಳನ್ನೆಲ್ಲ ‘ಅ’ಕ್ಕೂ ‘ಎ’ಗೂ ನಡುವಿನ ಒಂದು ಮಸುಕು ಧ್ವನಿಗೆ ಇಳಿಸಿಬಿಡುತ್ತಾರೆ. ಅವರ ಬಾಯಲ್ಲಿ ಪರ್ಲೊ, ಪರ್ಲ ಒಂದೇ ಆಗುವ ಅಪಾಯವಿದೆ. ಒ ಎಂದರೆ ಒ, ಅ ಎಂದರೆ ಅ ಎಂದು ಅಕ್ಷರಮಾಲೆಯ ಮುಂದೆ ಕೂರಿಸಿ ಕಲಿಸಿದ ನಮ್ಮ ಮಕ್ಕಳಿಗೆ ಈ ತೊಂದರೆ ಇಲ್ಲ. ಎ ಮತ್ತು ಒ ಸ್ವರಗಳಲ್ಲಿ ಬಾಯಿ ತೆರೆದದ್ದು, ಮುಚ್ಚಿದ್ದು ಎಂಬ ಎರಡೆರಡು ಬಗೆ ಅಲ್ಲುಂಟು. ಅದು ಊರಿಂದೂರಿಗೆ ಬದಲಾಗುವುದರಿಂದ ಹೊಸಬರು ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಉಚ್ಚಾರಾಂಶ ಬಿಡಿಸುವುದು. ಇಟಲಿಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಂದಲೇ ಚಪ್ಪಾಳೆ ತಟ್ಟಿಸಿ ಇದನ್ನು ಕಲಿಸುತ್ತಾರೆ. ಒಂದು ಚಪ್ಪಾಳೆಗೆ ಒಂದು ತುಂಡು. ಪರ್-ಲೊ ಎರಡು ಚಪ್ಪಾಳೆ, ಪರ್-ಲ್ಯಾ-ಮೊ ಮೂರು. ಒಂಟಿ ವ್ಯಂಜನ ಮುಂದಿನ ಸ್ವರದ ಜೊತೆ ಹೋಗುತ್ತದೆ. ಜೋಡಿ ವ್ಯಂಜನ ನಡುವೆ ಒಡೆಯುತ್ತದೆ. ರ, ಲ, ಮ, ನ ಮುಂದಿದ್ದು ಇನ್ನೊಂದು ವ್ಯಂಜನ ಹಿಂದೆ ಬಂದರೂ ಒಡೆಯುತ್ತದೆ. ಪ್ರ, ತ್ರ, ಪ್ಲ ಮುಂತಾದವು ಒಡೆಯುವುದಿಲ್ಲ. ತೆರೆ ಎಂಬರ್ಥದ ಅಪ್ರೀರೆಯನ್ನು ಅ-ಪ್ರೀ-ರೆ ಎಂದೇ ಬಿಡಿಸಬೇಕು.

ಇಲ್ಲಿ ನಮ್ಮ ಲಿಪಿ ನಮಗೊಂದು ಸಣ್ಣ ಮೋಸ ಮಾಡುತ್ತದೆ. ‘ಪರ್ಲೊ’ ಎಂದು ಬರೆದಾಗ ಕಣ್ಣಿಗೆ ಕಾಣುವುದು ‘ಪ’ ಮತ್ತು ‘ರ್ಲೊ’. ಕಿವಿಗೆ ಕೇಳುವುದು ‘ಪರ್’ ಮತ್ತು ‘ಲೊ’. ಅಮ್ಮ ಎಂದು ಬರೆದರೆ ಅ, ಮ್ಮ. ಮಗು ಕೂಗಿದರೆ ಅಮ್-ಮ. ಹಾಗಾದರೆ ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕನ್ನಡ ಪಂಡಿತರು ಕಲಿಸಿದ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು! ಯಾಕೆ ಗುರು ಎಂದು ಆಗ ನಾವು ಕೇಳಲಿಲ್ಲ, ಉರು ಹೊಡೆದೆವು. ಒತ್ತಕ್ಷರದ ಮೊದಲ ವ್ಯಂಜನ ಹಿಂದಕ್ಕೆ ಸರಿದು ಹಿಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ, ಆ ತುಂಡಿನ ತೂಕ ಹೆಚ್ಚುತ್ತದೆ, ಅದಕ್ಕೇ ಗುರು. ಲಿಪಿ ಕಣ್ಣಿನ ಲೆಕ್ಕ, ಛಂದಸ್ಸು ಕಿವಿಯ ಲೆಕ್ಕ. ಹಳಗನ್ನಡದಲ್ಲಿ ಇದಕ್ಕೊಂದು ವಿನಾಯಿತಿಯೂ ಇತ್ತು. ಶಿಥಿಲದ್ವಿತ್ವವೆಂದು 13ನೆಯ ಶತಮಾನದ ಕೇಶಿರಾಜ ಅದನ್ನು ಗುರುತಿಸಿದ್ದಾನೆ. ಅಲ್ಲಿ ಒತ್ತಕ್ಷರ ಮುಂದಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಅ-ಪ್ರೀ-ರೆಯ ಪ್ರಕಾರ ಹಿಂದಿನ ಅಕಾರಕ್ಕೆ ಭಾರ ಕೊಡದಿರುವುದನ್ನು ಕಂಡಾಗ ನನಗೆ ಈ ಶಿಥಿಲದ್ವಿತ್ವವೇ ನೆನಪಾಯಿತು.

ಭಾರ ಎಲ್ಲಿ ಬೀಳುತ್ತದೆ?

ಇಲ್ಲಿಯವರೆಗೆ ಎಲ್ಲ ನಮ್ಮ ಮನೆಯಂಗಳ. ಮುಂದಿನದು ಪರಸ್ಥಳ. ಇಟಾಲಿಯನ್ನಿನ ಪ್ರತಿ ಶಬ್ದದಲ್ಲೂ ಯಾವುದಾದರೂ ಒಂದು ಉಚ್ಚಾರಾಂಶದ ಮೇಲೆ ಸ್ವರಭಾರ ಬೀಳುತ್ತದೆ. ಅದನ್ನು ಜೋರಾಗಿ, ಎತ್ತರಿಸಿ, ಸ್ವಲ್ಪ ಎಳೆದು ಹೇಳುತ್ತಾರೆ. ಕನ್ನಡದಲ್ಲಿ ಭಾರದ ಜಾಗ ಬದಲಾದರೆ ಅರ್ಥ ಬದಲಾಗುವುದಿಲ್ಲ. ಅಲ್ಲಿ ಬದಲಾಗುತ್ತದೆ. ಅಲ್ಲಿಯ ಮೇಷ್ಟ್ರುಗಳ ಅಚ್ಚುಮೆಚ್ಚಿನ ಉದಾಹರಣೆ ಇದು. ಕ-ಪಿ-ತಾ-ನೊ ಎಂದು ಮೂರನೆಯ ತುಂಡಿನ ಮೇಲೆ ಭಾರ ಹಾಕಿದರೆ ಕ್ಯಾಪ್ಟನ್, ನಾಯಕ. ಕಾ-ಪಿ-ತ-ನೊ ಎಂದು ಮೊದಲನೆಯದರ ಮೇಲೆ ಹಾಕಿದರೆ ‘ಸಂಭವಿಸುತ್ತವೆ’ ಎಂಬ ಕ್ರಿಯಾಪದ. ಕೊನೆಯ ‘ನೊ’ ಮೇಲೆ ಬಲವಾಗಿ ಕುಟ್ಟಿದರೆ ‘ನಾಯಕತ್ವ ವಹಿಸಿದ’ ಎಂಬ ಇನ್ನೊಂದು ಕ್ರಿಯಾಪದ. ಅಕ್ಷರಗಳು ಅವೇ, ಕ್ರಮವೂ ಅದೇ!

ಬರವಣಿಗೆಯಲ್ಲಿ ಈ ಭಾರಕ್ಕೆ ಗುರುತು ಇರುತ್ತದೆಯೇ? ಕೊನೆಯ ಉಚ್ಚಾರಾಂಶದ ಮೇಲೆ ಬಿದ್ದಾಗ ಮಾತ್ರ ಸ್ವರದ ತಲೆಯ ಮೇಲೊಂದು ಓರೆಗೀಟು ಎಳೆಯುತ್ತಾರೆ. ಆ ಗೀಟು ಅಲಂಕಾರವಲ್ಲ. ಗೀಟಿಲ್ಲದ ಪರ್ಲೊ ‘ನಾನು ಮಾತಾಡುತ್ತೇನೆ’. ಗೀಟಿರುವ ಪರ್ಲೊ ‘ಅವನು ಮಾತಾಡಿದ’. ಒಂದು ಗೀಟಿಗೆ ಆಳೂ ಬದಲು, ಕಾಲವೂ ಬದಲು. ಉಳಿದ ಕಡೆ ಗುರುತಿಲ್ಲ, ಓದುವವನಿಗೆ ಗೊತ್ತಿರಬೇಕು. ಪೆರ್-ದೊ-ನೊ ಎಂಬ ಮೂರು ತುಂಡುಗಳಲ್ಲಿ ಮೊದಲನೆಯದಕ್ಕೆ ಭಾರ ಬಿದ್ದರೆ ‘ಕಳೆದುಕೊಳ್ಳುತ್ತಾರೆ’, ಎರಡನೆಯದಕ್ಕೆ ಬಿದ್ದರೆ ‘ಕ್ಷಮಿಸುತ್ತೇನೆ’. ಇವೆರಡಕ್ಕೂ ಕಾಗದದ ಮೇಲೆ ಒಂದೇ ರೂಪ.

ತೊರೀನೊ ಹುಡುಗಿ ಸಿಕ್ಕಿಬಿದ್ದದ್ದು ಇಲ್ಲೇ. “ದೊಡ್ಡಪ್ಪ, ಆರು ರೂಪವನ್ನೂ ಸರಿಯಾಗೇ ಒಪ್ಪಿಸಿದೆ, ಕೊನೇದಕ್ಕೆ ಮಾತ್ರ ಟೀಚರ್ ತಲೆ ಅಲ್ಲಾಡಿಸ್ತಾರೆ” ಎಂದು ಫೋನಿನಲ್ಲಿ ದೂರಿದಳು. ಪರ್-ಲ್ಯಾ-ಮೊ, ಪರ್-ಲಾ-ತೆ ಎಂದು ನಡುವಿಗೆ ಭಾರ ಹಾಕುತ್ತ ಬಂದವಳು ಅದೇ ಓಟದಲ್ಲಿ ಪರ್-ಲಾ-ನೊ ಎಂದಿದ್ದಳು. ಆಗಬೇಕಾದದ್ದು ಮೊದಲ ತುಂಡಿಗೆ ಭಾರವಿರುವ ಪರ್-ಲ-ನೊ. ಹೊಸದಾಗಿ ಕಲಿಯುವ ಬಹುತೇಕರು ಎಡವುವ ಜಾಗವಿದು.

ಕಾರಣ ಕೆದಕಿದರೆ ಇತಿಹಾಸ ಸಿಗುತ್ತದೆ. ಇಟಾಲಿಯನ್ನಿನ ತಾಯಿ ಲ್ಯಾಟಿನ್. ‘ಹಾಡುತ್ತಾರೆ’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಕನ್-ತಂತ್ ಎಂಬ ಎರಡೇ ತುಂಡು, ಭಾರ ಮೊದಲನೆಯದರ ಮೇಲೆ. ಕಾಲ ಕಳೆದಂತೆ ಕೊನೆಯ ತಕಾರ ಉದುರಿತು, ನಮ್ಮ ‘ಬಸ್ಸು’ವಿನ ಉಕಾರದ ಹಾಗೆ ಒಂದು ಒಕಾರ ಬಂದು ಅಂಟಿಕೊಂಡು ಕನ್-ತ-ನೊ ಆಯಿತು. ಹೊಸ ತುಂಡು ಬಾಲಕ್ಕೆ ಸೇರಿತೇ ವಿನಾ ಭಾರ ಜಾಗ ಬಿಟ್ಟು ಕದಲಲಿಲ್ಲ. ಪರ್ಲನೊ ನಡೆದದ್ದೂ ಅದೇ ದಾರಿಯಲ್ಲಿ. ವಾಸಿಸು ಎಂಬರ್ಥದ ಅಬಿತಾರೆಯಲ್ಲಿ ಇನ್ನೂ ದೂರ ಹೋಗುತ್ತದೆ. ‘ವಾಸಿಸುತ್ತೇನೆ’ ಆ-ಬಿ-ತೊ, ‘ವಾಸಿಸುತ್ತಾರೆ’ ಆ-ಬಿ-ತ-ನೊ. ಭಾರ ಕೊನೆಯಿಂದ ನಾಲ್ಕನೆಯದು! ಹೀಗಾಗಿ ಒಂದು ಸೂತ್ರ: ‘ನಾನು’ ರೂಪದಲ್ಲಿ ಭಾರ ಧಾತುವಿನ ಯಾವ ತುಂಡಿನ ಮೇಲಿದೆಯೋ ‘ಅವರು’ ರೂಪದಲ್ಲೂ ಅದೇ ತುಂಡಿನ ಮೇಲೆ. ಇಟಲಿಯ ನಿಘಂಟುಗಳು ಇಂಥ ಧಾತುಗಳ ಪಕ್ಕ ‘ನಾನು’ ರೂಪವನ್ನು ಕೊಡುವುದು ಇದಕ್ಕಾಗಿಯೇ.

ಈಗ ಆ ಆರು ರೂಪಗಳನ್ನು ಮತ್ತೆ ನೋಡಿ. ನಾನು, ನೀನು, ಅವನು, ಅವರು ಈ ನಾಲ್ಕರಲ್ಲಿ ಭಾರ ಧಾತುವಿನ ಮೇಲೆ. ನಾವು, ನೀವು ಈ ಎರಡರಲ್ಲಿ ಪ್ರತ್ಯಯದ ಮೇಲೆ. ನಾಲ್ಕು, ಎರಡು. ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ವ್ಯಾಕರಣ ಪುಸ್ತಕದಲ್ಲಿ ‘ಅನಿಯಮಿತ’ ಎಂದು ಹೆದರಿಸುವ ಧಾತುಗಳು ಎಷ್ಟೋ ತಾವಾಗಿಯೇ ಶಿಸ್ತಿಗೆ ಬರುತ್ತವೆ. ಕೂರು ಎಂಬರ್ಥದ ಸೆದೇರೆ ನೋಡಿ. ಕೂರುತ್ತೇನೆ ಸ್ಯೆ-ದೊ, ಕೂರುತ್ತೇವೆ ಸೆ-ದ್ಯಾ-ಮೊ. ಧಾತುವಿನ ಎಕಾರ ಭಾರ ಬಿದ್ದಾಗ ‘ಯೆ’ ಆಗಿ ಒಡೆಯುತ್ತದೆ, ಭಾರ ಇಳಿದರೆ ಎಕಾರವಾಗಿ ಉಳಿಯುತ್ತದೆ. ಸಾಯು ಎಂಬರ್ಥದ ಧಾತುವೂ ಅಷ್ಟೇ. ಭಾರವಿದ್ದರೆ ಮ್ವೊ-ಯೊ, ಇಲ್ಲದಿದ್ದರೆ ಮೊ-ರ್ಯಾ-ಮೊ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಒತ್ತಡ ಹೆಚ್ಚಿದ ಕಡೆ ಸ್ವರ ಎರಡಾಗಿ ಸೀಳುತ್ತದೆ. ಹೊರಗೆ ಹೋಗು ಎಂಬರ್ಥದ ಉಶ್ಶೀರೆಯಲ್ಲಿ ಸ್ವರವೇ ಬದಲು. ಹೋಗುತ್ತೇನೆ ಎಸ್ಕೊ, ಹೋಗುತ್ತೇವೆ ಉಶ್ಶಾಮೊ. ಲ್ಯಾಟಿನ್ನಿನಲ್ಲಿ ಇದ್ದದ್ದು ಎಕಾರವೇ. ಭಾರವಿಲ್ಲದ ಕಡೆ ದುರ್ಬಲವಾಗಿದ್ದ ಆ ಎಕಾರ, ಬಾಗಿಲು ಎಂಬರ್ಥದ ‘ಉಶ್ಶೊ’ ಎಂಬ ಶಬ್ದದ ಸಹವಾಸಕ್ಕೆ ಬಿದ್ದು ಉಕಾರವಾಯಿತು. ಹೊರಗೆ ಹೋಗುವವನು ಬಾಗಿಲು ದಾಟಲೇಬೇಕಲ್ಲ!

‘ಈರೆ’ ಬಾಲದ ಬಹುಪಾಲು ಧಾತುಗಳಲ್ಲಿ ಇನ್ನೊಂದು ತಮಾಷೆ. ಮುಗಿಸು ಎಂಬ ಫಿನೀರೆಗೆ ಫಿನೀಸ್ಕೊ ಎನ್ನಬೇಡಿ, ಫಿನಿಸ್ಕೊ ಎನ್ನಬೇಕು. ಆ ‘ಇಸ್ಕ್’ ಎಲ್ಲಿಂದ ಬಂತು? ಅದು ಬರುವುದು ಸರಿಯಾಗಿ ಆ ನಾಲ್ಕು ರೂಪಗಳಲ್ಲೇ. ನಾವು, ನೀವು ರೂಪಗಳಲ್ಲಿ ಇಲ್ಲ: ಫಿ-ನ್ಯಾ-ಮೊ, ಫಿ-ನೀ-ತೆ. ಧಾತುವಿನ ಮೇಲೆ ಬೀಳಬೇಕಾದ ಭಾರವನ್ನು ಹೊರಲು ಕರೆದ ಕೂಲಿಯಾಳು ಈ ‘ಇಸ್ಕ್’. ಕೂಲಿ ಬಂದ ಮೇಲೆ ಧಾತುವಿಗೆ ಆರರಲ್ಲಿ ಯಾವ ರೂಪದಲ್ಲೂ ಹೊರೆಯಿಲ್ಲ.

‘ಎರೆ’ ಬಾಲದಲ್ಲಿ ಎರಡು ಪಂಗಡ. ನೋಡು ಎಂಬ ವೆ-ದೇ-ರೆಯಲ್ಲಿ ಭಾರ ಬಾಲದ ಮೇಲೆ; ಓದು ಎಂಬ ಲೆಜ್-ಜೆ-ರೆಯಲ್ಲಿ ಧಾತುವಿನ ಮೇಲೆ. ಬರೆದಾಗ ಬಾಲದಲ್ಲಿ ವ್ಯತ್ಯಾಸವಿಲ್ಲ. ಇದರ ಗುಟ್ಟು ಮತ್ತೆ ನಮ್ಮ ಲಘು-ಗುರುವಿನಲ್ಲೇ ಇದೆ. ಲ್ಯಾಟಿನ್ನಿನ ನಿಯಮ ಹೀಗಿತ್ತು: ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಭಾರ ಅದಕ್ಕೆ, ಲಘುವಾದರೆ ಅದರ ಹಿಂದಿನದಕ್ಕೆ. ಲ್ಯಾಟಿನ್ ‘ನೋಡು’ವಿನಲ್ಲಿ ಆ ಎಕಾರ ದೀರ್ಘ, ‘ಓದು’ವಿನಲ್ಲಿ ಹ್ರಸ್ವ. ಆ ಹ್ರಸ್ವ-ದೀರ್ಘ ಭೇದ ಬಾಯಿಂದ ಅಳಿದು ಎಷ್ಟೋ ಶತಮಾನವಾಯಿತು, ಅದು ಬಿಟ್ಟುಹೋದ ಭಾರ ಮಾತ್ರ ಇವತ್ತಿಗೂ ಇದೆ. ಎಲ್ಲ ಧಾತುಗಳೂ ಹೀಗೆ ವಿಧೇಯವಾಗಿಲ್ಲ ಎನ್ನಿ. ನಗು ಎಂಬರ್ಥದ ರೀ-ದೆ-ರೆ ಲ್ಯಾಟಿನ್ನಿನಲ್ಲಿ ದೀರ್ಘದ ಪಂಗಡದಲ್ಲಿದ್ದು ಆಮೇಲೆ ಪಕ್ಷಾಂತರ ಮಾಡಿತು. ಬೀಳು ಎಂಬರ್ಥದ ಕ-ದೇ-ರೆ ಈಚೆಯಿಂದ ಆಚೆಗೆ ಹಾರಿತು.

ಕಾದೆ, ಕದ್ದೆ

ಬೀಳು ಎಂದೆನಲ್ಲ, ಅಲ್ಲೇ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಇರುವುದು. ‘ಬೀಳುತ್ತಾನೆ’ ಎಂಬುದಕ್ಕೆ ಇಟಾಲಿಯನ್ನಿನಲ್ಲಿ ಕಾದೆ. ‘ಬಿದ್ದ’ ಎಂಬುದಕ್ಕೆ ಕದ್ದೆ. ನಾವು ಕಾದದ್ದೂ ಇಲ್ಲ, ಕದ್ದದ್ದೂ ಇಲ್ಲ, ಆದರೂ ಈ ಎರಡು ಶಬ್ದಗಳನ್ನು ಅಚ್ಚುಕಟ್ಟಾಗಿ ಬೇರೆ ಮಾಡಿ ಹೇಳಲು ಕನ್ನಡದ ಮಗುವಿಗೆ ಯಾವ ತರಬೇತಿಯೂ ಬೇಡ. ‘ಕುಡಿಯುತ್ತಾನೆ’ ಬೇವೆ, ‘ಕುಡಿದ’ ಬೆವ್ವೆ. ವ್ಯಂಜನ ಇಮ್ಮಡಿಯಾದರೆ ಭೂತಕಾಲ! ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಕೊಡು ಕೊಟ್ಟ, ಬಿಡು ಬಿಟ್ಟ, ನಗು ನಕ್ಕ, ಸುಡು ಸುಟ್ಟ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ, ಇದು ಬರೀ ಕಾಕತಾಳೀಯ. ಇಟಲಿಯಲ್ಲಿ ಇದು ಕೆಲವೇ ಧಾತುಗಳ ಸ್ವಭಾವ. ಆದರೂ ಕಿವಿಗೆ ನೆಂಟಸ್ತಿಕೆ ಅನ್ನಿಸುತ್ತದೆ.

ಶಾಲೆಯಲ್ಲಿ ಸಜಾತೀಯ ಸಂಯುಕ್ತಾಕ್ಷರ ಎಂದು ಕಲಿತದ್ದು ಇದೇ. ಕತೆ ಬೇರೆ, ಕತ್ತೆ ಬೇರೆ. ಮೊನೆ ಬೇರೆ, ಮೊನ್ನೆ ಬೇರೆ. ಇಂಗ್ಲಿಷಿನಲ್ಲಿ ಒಂದು ಶಬ್ದದೊಳಗೆ ಈ ಭೇದವಿಲ್ಲ. ಸ್ಪೆಲಿಂಗಿನಲ್ಲಿ ಎರಡು ಅಕ್ಷರ ಬರೆದರೂ ಉಚ್ಚರಿಸುವುದು ಒಂದೇ. ಹಾಗಾಗಿ ಇಂಗ್ಲಿಷರು, ಅಮೆರಿಕನ್ನರು ಇಟಾಲಿಯನ್ ಕಲಿಯುವಾಗ ಈ ಜೋಡಿ ವ್ಯಂಜನಗಳಲ್ಲಿ ಬಹಳ ಒದ್ದಾಡುತ್ತಾರೆ. ಒದ್ದಾಡಿದರೆ ಆಗುವ ನಷ್ಟ ಏನು? ಮನೆ ಮಾಲೀಕರಿಗೆ ‘ಬಾಡಿಗೆ ಕೊಡುತ್ತೇವೆ’ ಎಂದು ಮುಂದಿನ ಕಾಲದ ಭರವಸೆ ಕೊಡಬೇಕಾದರೆ ಪ-ಗೆ-ರೇ-ಮೊ. ‘ಕೊಡುತ್ತಿದ್ದೆವು, ಆದರೆ...’ ಎಂದು ರಾಗ ಎಳೆಯಬೇಕಾದರೆ ಪ-ಗೆ-ರೆಮ್-ಮೊ. ಒಂದು ಮಕಾರ ಹೆಚ್ಚಾದರೆ ಭರವಸೆ ನೆಪವಾಗುತ್ತದೆ. ತನ್ನ ವಯಸ್ಸು ಹೇಳುವಾಗ ‘ಇಷ್ಟು ವರ್ಷ ನನಗಿದೆ’ ಎನ್ನುವುದು ಅವರ ಪದ್ಧತಿ. ವರ್ಷ ಎಂಬರ್ಥದ ‘ಅನ್ನೊ’ದಲ್ಲಿ ಒಂದು ನಕಾರ ಬಿಟ್ಟರೆ ಬರುವ ಶಬ್ದವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಅಂದಹಾಗೆ ‘ಅವರಿಗೆ ಇದೆ’ ಎಂಬ ಕ್ರಿಯಾಪದವೂ ‘ಅನ್ನೊ’ ಎಂದೇ. ಎರಡನ್ನೂ ಬೇರ್ಪಡಿಸಲು ಕ್ರಿಯಾಪದದ ಮುಂದೆ ಎಚ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ.

ಕಾದೆಯ ಮೊದಲ ತುಂಡು ‘ಕಾ’, ದೀರ್ಘವಿರುವುದರಿಂದ ಗುರು. ಕದ್ದೆಯ ಮೊದಲ ತುಂಡು ‘ಕದ್’, ಹ್ರಸ್ವವಾದರೂ ಒತ್ತಕ್ಷರದ ಹಿಂದಿರುವುದರಿಂದ ಗುರು. ಎರಡೂ ಎರಡು ಮಾತ್ರೆ! ಇಟಾಲಿಯನ್ನಿನಲ್ಲಿ ದೀರ್ಘಕ್ಕೆ ಬೇರೆ ಅಕ್ಷರವಿಲ್ಲ. ಭಾರ ಬಿದ್ದ ತುಂಡು ಸ್ವರದಲ್ಲಿ ಮುಗಿದರೆ ಆ ಸ್ವರ ತಾನಾಗಿ ಎಳೆದುಕೊಳ್ಳುತ್ತದೆ, ವ್ಯಂಜನದಲ್ಲಿ ಮುಗಿದರೆ ಮೊಟಕಾಗಿಯೇ ಇರುತ್ತದೆ. ಹೇಗೂ ತೂಕ ಸರಿಹೋಗುತ್ತದೆ. ಭಾರ ಹೊತ್ತದ್ದು ಗುರುವಾಗಲೇಬೇಕು ಎಂಬಂತಿದೆ ಆ ಭಾಷೆಯ ಒಳನಿಯಮ. ಹಾಗಾದರೆ ಶಬ್ದದ ಕೊನೆಗೆ ಭಾರ ಬಿದ್ದಾಗ? ಅಲ್ಲಿ ಸ್ವರ ಎಳೆಯುವುದಿಲ್ಲ, ಬದಲಿಗೆ ಮುಂದಿನ ಶಬ್ದದ ಮೊದಲ ವ್ಯಂಜನ ಇಮ್ಮಡಿಯಾಗುತ್ತದೆ. ‘ಚೆನ್ನಾಗಿ ಮಾತಾಡಿದ’ ಎನ್ನಲು ಪರ್ಲೊ, ಬೇನೆ ಎಂಬ ಎರಡು ಶಬ್ದ ಸೇರಿದರೆ ಕೇಳುವುದು ‘ಪರ್ಲೊಬ್ಬೇನೆ’. ಬರೆಯುವಾಗ ಮಾತ್ರ ಒಂದೇ ಬಕಾರ. ಇದು ಫ್ಲಾರೆನ್ಸ್, ರೋಮ್ ಮತ್ತು ದಕ್ಷಿಣದ ಕಡೆಯ ರೂಢಿ. ಉತ್ತರದವರು ಸಾಮಾನ್ಯವಾಗಿ ಹೀಗೆ ಸಂಧಿ ಮಾಡುವುದಿಲ್ಲ. ಉತ್ತರದ ಕೆಲವು ಕಡೆ ಶಬ್ದದೊಳಗಿನ ಜೋಡಿ ವ್ಯಂಜನವೂ ಸಡಿಲವೇ.

ತೊರೀನೊ ಇರುವುದು ಉತ್ತರದಲ್ಲಿ. ನಮ್ಮ ಹುಡುಗಿ ಒತ್ತಕ್ಷರಗಳನ್ನು ಕನ್ನಡ ಶಾಲೆಯ ಶಿಸ್ತಿನಲ್ಲಿ ಒತ್ತಿ ಹೇಳುವುದನ್ನು ಕೇಳಿ ತರಕಾರಿ ಅಂಗಡಿಯ ಅಜ್ಜಿ “ಇಟಾಲಿಯನ್ ಕಲಿತದ್ದು ದಕ್ಷಿಣದವರ ಹತ್ತಿರವೇನಮ್ಮ?” ಎಂದು ವಿಚಾರಿಸಿದರಂತೆ. ಹೌದಜ್ಜಿ, ಸ್ವಲ್ಪ ದೂರದ ದಕ್ಷಿಣ ಎಂದಳಂತೆ. ಅವಳ ಅಮ್ಮ ಈಗ ಇದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಕೆರೆ ಮತ್ತು ಚೆರುವು

ಓದು ಎಂಬ ಲೆಜ್ಜೆರೆಗೆ ಮರಳೋಣ. ಓದುತ್ತೇನೆ ಲೆಗ್-ಗೊ. ಓದುತ್ತೀಯೆ ಲೆಜ್-ಜಿ. ಓದುತ್ತಾರೆ ಲೆಗ್-ಗೊ-ನೊ. ಒಂದೇ ಧಾತು, ಒಮ್ಮೆ ಗಕಾರ, ಒಮ್ಮೆ ಜಕಾರ! ಬರೆಯುವ ಅಕ್ಷರ ಮಾತ್ರ ಎಲ್ಲ ಕಡೆ ಜಿ. ಇದೇ ರೀತಿ ಸಿ ಎಂಬ ಅಕ್ಷರ ಅ, ಒ, ಉ ಮುಂದೆ ಕಕಾರ. ಇ, ಎ ಮುಂದೆ ಚಕಾರ. ತೊರ್ರಿಚೆಲ್ಲಿಯ ಚಕಾರ ಬಂದದ್ದು ಹೀಗೆ.

ಇದನ್ನು ಬಾಯಿಪಾಠ ಮಾಡಬೇಡಿ, ಕಾರಣ ತಿಳಿದುಕೊಳ್ಳಿ. ಕನ್ನಡ ವ್ಯಾಕರಣದಲ್ಲಿ ಕ, ಗ ಕಂಠ್ಯ. ಇ, ಚ, ಜ ತಾಲವ್ಯ. ಎಕಾರ ಕಂಠತಾಲವ್ಯ. ಅಂದರೆ ಇ, ಎ ಹೇಳುವಾಗ ನಾಲಿಗೆ ಮುಂದಕ್ಕೆ ಸರಿದು ತಾಲುವಿನ ಕಡೆ ಏಳುತ್ತದೆ. ಅದರ ಹಿಂದೆ ಕಕಾರ ಇದ್ದರೆ ಅದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಎಳೆತ ಬಲವಾದರೆ ಕಕಾರ ಚಕಾರವಾಗುತ್ತದೆ. ಲ್ಯಾಟಿನ್ನಿನ ಕಕಾರ ಇಟಾಲಿಯನ್ನಿನಲ್ಲಿ ಚಕಾರವಾದದ್ದು ಹೀಗೆ. ನಮ್ಮ ಮನೆಯಲ್ಲೂ ಇದೇ ನಡೆದಿದೆ. ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ನಮ್ಮ ಕಿವಿ ಅವರಿಗೆ ಚೆವಿ. ಕನ್ನಡ ಹಳೆಯ ಕಕಾರವನ್ನು ಉಳಿಸಿಕೊಂಡಿತು, ತೆಲುಗು ತಾಲುವಿಗೆ ಕಳಿಸಿತು.

‘ಆರೆ’ ಬಾಲದ ಧಾತುಗಳದ್ದು ಇದಕ್ಕೆ ವಿರುದ್ಧ ಹಟ. ಅವು ಧ್ವನಿ ಬಿಟ್ಟುಕೊಡುವುದಿಲ್ಲ, ಅಕ್ಷರ ಬದಲಾಯಿಸುತ್ತವೆ. ಹುಡುಕು ಎಂಬ ಚೆರ್ಕಾರೆಗೆ ಹುಡುಕುತ್ತೇನೆ ಚೆರ್-ಕೊ, ಹುಡುಕುತ್ತೀಯೆ ಚೆರ್-ಕಿ. ಇಕಾರದ ಮುಂದೆ ಸಿ ಚಕಾರವಾಗಬಾರದಲ್ಲ, ಅದಕ್ಕೆ ನಡುವೆ ಒಂದು ಎಚ್ ಅನ್ನು ಕಾವಲಿಗೆ ನಿಲ್ಲಿಸುತ್ತಾರೆ. ಇಂಗ್ಲಿಷ್ ಓದಿದವರು ಆ ಸಿ-ಎಚ್ ಕಂಡೊಡನೆ ‘ಚೆರ್ಚಿ’ ಎನ್ನುತ್ತಾರೆ. ಸರಿಯಾಗಿ ತಿರುಗುಮುರುಗು!

ಐ ಎಂಬ ಅಕ್ಷರದ್ದೂ ಇಂಥದೇ ಚೇಷ್ಟೆ. ತಿನ್ನುತ್ತೇನೆ ಎಂಬುದರಲ್ಲಿ ಐ ಇದೆ, ಉಚ್ಚಾರ ಮನ್-ಜೊ, ಎರಡೇ ತುಂಡು. ಅಲ್ಲಿ ಐ ಬರೀ ಕೈಮರ, ಜಿಯನ್ನು ಜಕಾರವಾಗಿ ಓದು ಎಂದು ಹೇಳಿ ಸುಮ್ಮನಾಗುತ್ತದೆ. ಅಭ್ಯಾಸ ಮಾಡುತ್ತೇನೆ ಎಂಬ ಸ್ತೂ-ದ್ಯೊದಲ್ಲಿ ಅದು ಯಕಾರ. ಕಳಿಸುತ್ತೇನೆ ಎಂಬ ಇನ್-ವೀ-ಒದಲ್ಲಿ ಪೂರ್ಣ ಸ್ವರ, ಭಾರವೂ ಅದರ ಮೇಲೇ. ಭಾರ ಹೊತ್ತ ಐಗೆ ಮರ್ಯಾದೆ ಹೆಚ್ಚು. ‘ನೀನು’ ರೂಪದಲ್ಲಿ ಪ್ರತ್ಯಯದ ಐ ಬಂದಾಗ ಮೊದಲೆರಡು ಧಾತುಗಳು ಒಂದೇ ಐ ಇಟ್ಟುಕೊಳ್ಳುತ್ತವೆ, ಮೂರನೆಯದು ಎರಡನ್ನೂ ಬರೆಯುತ್ತದೆ.

ನಮ್ಮ ವರ್ಣಮಾಲೆಯಲ್ಲಿ ಞಕಾರ ಯಾಕಿದೆ ಎಂದು ಮಕ್ಕಳು ಕೇಳುತ್ತಿರುತ್ತಾರೆ. ಇಟಾಲಿಯನ್ನಿಗೆ ಅದು ಬೇಕೇ ಬೇಕು. ಕಲಿಸು ಎಂಬುದಕ್ಕೆ ಇನ್-ಸೆ-ಞಾ-ರೆ. ‘ನಾನು ಪಾಠ ಹೇಳುತ್ತೇನೆ’ ಎನ್ನಲು ಇನ್ಸೆಞ್ಞೊ. ಜಿ ಮತ್ತು ಎನ್ ಎಂಬ ಎರಡು ಅಕ್ಷರ ಸೇರಿಸಿ ಅವರು ಕಷ್ಟಪಟ್ಟು ಬರೆಯುವ ಧ್ವನಿಗೆ ನಮ್ಮಲ್ಲಿ ಒಂದೇ ಅಕ್ಷರ ಸಿದ್ಧವಾಗಿ ಕೂತಿದೆ.

ಫಿ-ನಿ-ಸ್ಕೊ ಅಥವಾ ಫಿ-ನಿಸ್-ಕೊ?

ಉಚ್ಚಾರಾಂಶದ ನಿಯಮಗಳಲ್ಲಿ ಒಂದನ್ನು ಬೇಕೆಂದೇ ಕೊನೆಗೆ ಇಟ್ಟೆ. ಸಕಾರದ ಹಿಂದೆ ಇನ್ನೊಂದು ವ್ಯಂಜನ ಬಂದರೆ ಒಡೆಯಬಾರದು, ಎರಡೂ ಮುಂದಿನ ತುಂಡಿಗೆ ಹೋಗಬೇಕೆಂದು ಇಟಲಿಯ ಶಾಲೆಗಳಲ್ಲಿ ಕಲಿಸುತ್ತಾರೆ. ಮುಗಿಸುತ್ತೇನೆ ಎಂಬುದು ಫಿ-ನಿ-ಸ್ಕೊ. ಮಗು ಫಿ-ನಿಸ್-ಕೊ ಎಂದು ಬಿಡಿಸಿದರೆ ಕೆಂಪು ಗೀಟು ಬೀಳುತ್ತದೆ. ಆದರೆ ಧ್ವನಿವಿಜ್ಞಾನಿಗಳಲ್ಲಿ ಅನೇಕರು ಆ ಮಗುವಿನ ಪಕ್ಷ! ಅವರ ಸಾಕ್ಷ್ಯ ಕೇಳಿ. ಭಾರ ಬಿದ್ದ ತುಂಡು ಸ್ವರದಲ್ಲಿ ಮುಗಿದರೆ ಸ್ವರ ಎಳೆಯಬೇಕು ಎಂದೆವಲ್ಲ. ಫಿ-ನಿ-ಸ್ಕೊ ಸರಿಯಾಗಿದ್ದರೆ ಇಟಲಿಯವರು ಫಿನೀಸ್ಕೊ ಎಂದು ಎಳೆಯಬೇಕಿತ್ತು. ಯಾರೂ ಎಳೆಯುವುದಿಲ್ಲ. ಅಂದರೆ ಬಾಯಲ್ಲಿ ಸಕಾರ ಹಿಂದಿನ ತುಂಡನ್ನು ಮುಚ್ಚುತ್ತಿದೆ. ಇನ್ನೊಂದು ಸಾಕ್ಷ್ಯ: ನಾಮಪದದ ಮುಂದೆ ಅವರು ಹಚ್ಚುವ ‘ಇಲ್’ ಎಂಬ ಉಪಪದ ತ್ರೇನೊ, ಅಂದರೆ ರೈಲಿನ ಮುಂದೆ ಸಲೀಸಾಗಿ ನಿಲ್ಲುತ್ತದೆ. ವಿದ್ಯಾರ್ಥಿ ಎಂಬರ್ಥದ ಸ್ತುದೆಂತೆಯ ಮುಂದೆ ನಿಲ್ಲುವುದಿಲ್ಲ, ಅಲ್ಲಿ ‘ಲೊ’ ಎನ್ನಬೇಕು. ತಕಾರ, ರಕಾರ ಒಂದೇ ತುಂಡಿನ ಒಳಗೆ ಹೊಂದಿಕೊಂಡಂತೆ ಸಕಾರ, ತಕಾರ ಹೊಂದಿಕೊಳ್ಳುವುದಿಲ್ಲ. ಸಕಾರಕ್ಕೆ ಒರಗಲು ಹಿಂದೊಂದು ಸ್ವರ ಬೇಕು. ನನಗೆ ಈ ಎರಡೂ ಸಾಕ್ಷ್ಯ ಬಲವಾಗಿಯೇ ಕಾಣುತ್ತವೆ. ನೋಟ್‌ಬುಕ್ಕಿನಲ್ಲಿ ಮಾತ್ರ ಶಾಲೆಯ ನಿಯಮವೇ ನಡೆಯಲಿ, ಅಂಕ ಕೊಡುವವರು ಅವರು.

ಅಭ್ಯಾಸ ಹೇಗೆ ಮಾಡುವುದೆಂದು ಕೆಲವರು ಕೇಳಬಹುದು. ದುಬಾರಿ ತರಗತಿಗೆ ಸೇರುವ ಮುನ್ನ ಒಂದು ಧಾತು ಹಿಡಿದುಕೊಳ್ಳಿ. ಆರು ರೂಪಗಳನ್ನು ಕನ್ನಡ ಲಿಪಿಯಲ್ಲೇ ಬರೆದು, ಛಂದಸ್ಸಿನ ಪಾಠದಲ್ಲಿ ಹಾಕಿದ ಹಾಗೆ ಮೇಲೆ ಲಘು-ಗುರು ಗುರುತು ಹಾಕಿ. ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಹೇಳಿ. ದವಡೆ ಎಷ್ಟು ಸಲ ಕೈಗೆ ತಾಗುತ್ತದೋ ಹೆಚ್ಚುಕಡಿಮೆ ಅಷ್ಟು ತುಂಡು. ಭಾರದ ತುಂಡಿಗೆ ಮೇಜು ಕುಟ್ಟಿ. ಆಮೇಲೆ ಇಟಲಿಯವರು ಮಾತಾಡಿದ ಧ್ವನಿಮುದ್ರಣ ಕೇಳಿ, ನಿಮ್ಮ ದನಿಯನ್ನೂ ಮುದ್ರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಅಕ್ಕಪಕ್ಕದ ಮನೆಯವರು ಏನೆಂದುಕೊಂಡಾರು ಎಂಬ ಭಯವಿದ್ದರೆ ಈ ಭಾಷೆ ನಿಮಗಲ್ಲ.

ಮೊದಲ ದಿನಕ್ಕೆ ದೂರವಾಣಿ ಕರೆ ಮಾಡು ಎಂಬರ್ಥದ ತೆಲೆಫೊನಾರೆ ಸಾಕು. ಕರೆ ಮಾಡುತ್ತೇನೆ ತೆ-ಲೇ-ಫೊ-ನೊ. ಮಾಡುತ್ತೇವೆ ತೆ-ಲೆ-ಫೊ-ನ್ಯಾ-ಮೊ. ಮಾಡುತ್ತಾರೆ ತೆ-ಲೇ-ಫೊ-ನ-ನೊ, ಭಾರ ಕೊನೆಯಿಂದ ನಾಲ್ಕನೆಯದು. ಉಳಿದ ಮೂರನ್ನು ನೀವೇ ಬಿಡಿಸಬಲ್ಲಿರಿ. ಅದು ಪಳಗಿದ ಮೇಲೆ, ‘ಅದನ್ನು ನನಗೆ ತಿಳಿಸು’ ಎಂಬ ಇಡೀ ವಾಕ್ಯ ಒಂದೇ ಶಬ್ದವಾಗಿರುವ ಕೊ-ಮೂ-ನಿ-ಕ-ಮೆ-ಲೊ ಪ್ರಯತ್ನಿಸಿ. ಕ್ರಿಯಾಪದದ ಬಾಲಕ್ಕೆ ‘ನನಗೆ’, ‘ಅದನ್ನು’ ಎಂಬ ಎರಡು ಸರ್ವನಾಮ ಜೋತುಬಿದ್ದಿವೆ. ಒಟ್ಟು ಆರು ತುಂಡು, ಭಾರ ಎರಡನೆಯದರ ಮೇಲೆ. ಅಲ್ಲಿಂದ ಮುಂದೆ ನಾಲ್ಕು ತುಂಡುಗಳನ್ನು ಒಂದೇ ಉಸಿರಿನಲ್ಲಿ, ಯಾವ ಸ್ವರವನ್ನೂ ನುಂಗದೆ ಇಳಿಸಬೇಕು.